ಅಟ್ಟದ ಮೇಲಿನ ನೀಲಿ ನಕ್ಷೆಯನ್ನು ಕ್ಯಾಡ್ ಫೈಲ್ ಮಾಡುವುದು ಹೇಗೆ?

ಕೊಡಗಿನ ಹಳೆ ತೋಟದ ಮನೆಗಳಲ್ಲಿ ಅಟ್ಟ ಹುಡುಕಿದರೆ ಬಂಗಲೆಯದ್ದೋ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಶೆಡ್ಡಿನದ್ದೋ, ಕಾರ್ಮಿಕರ ಲೈನ್ ಮನೆಯದ್ದೋ ಸುರುಳಿ ಸುತ್ತಿದ ನೀಲಿ ನಕ್ಷೆ ಸಿಗುವುದುಂಟು. ಐನ್‌ಮನೆಗೆ (ಕೊಡವ ಕುಟುಂಬದ ಮೂಲ ಮನೆ) ಮಾತ್ರ ಸಿಗುವುದು ಅಪರೂಪ, ಅದರ ಲೆಕ್ಕವೆಲ್ಲ ಬಡಗಿಯ ತಲೆಯಲ್ಲೇ ಇರುತ್ತಿತ್ತು. ಈಗ ಮಾಡಿನ (ಛಾವಣಿಯ) ರಿಪೇರಿಗೋ ಹೋಂಸ್ಟೇಗೋ ಅಂತ ಇಂಜಿನಿಯರ್ ಹತ್ತಿರ ಹೋದರೆ ಅವರು ಕೇಳುವುದು ಕ್ಯಾಡ್ ಫೈಲ್, ಅಂದರೆ ಕಂಪ್ಯೂಟರಿನಲ್ಲಿ ಅಳತೆ ಸಮೇತ ಗೆರೆ ಎಳೆದ ನಕ್ಷೆ.

ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ಅಳತೆ ಕೆಡುತ್ತದೆ. ರೋಬಸ್ಟಾ ಕೊಯ್ಲು ಮುಗಿದು ಹೂಮಳೆ ಬರುವ ಮೊದಲಿನ ಒಣ ದಿನಗಳೇ ಸರಿ. ಸುರುಳಿಯನ್ನು ಎಳೆದು ಬಿಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಿಧಾನಕ್ಕೆ ಬಿಚ್ಚಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಂದೆರಡು ದಿನ ಬಿಡಿ. ಬೂಸ್ಟು ಇದ್ದರೆ ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ಮೆತ್ತಗಿನ ಬ್ರಷ್‌ನಲ್ಲಿ ಒರೆಸಿ. ಇಸ್ತ್ರಿ ಬೇಡ, ಸೆಲ್ಲೋ ಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಆಮೇಲೆ ಸ್ಕ್ಯಾನ್. ದೊಡ್ಡ ನಕ್ಷೆ ಸ್ಕ್ಯಾನ್ ಮಾಡುವ ಅಂಗಡಿಗಳ ಯಂತ್ರದಲ್ಲಿ ಸಾಮಾನ್ಯವಾಗಿ ರೋಲರ್ ಕಾಗದವನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಚು ಹರಿದಿದ್ದರೆ ನಕ್ಷೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಕೊಡಿ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಎ1 ಹಾಳೆಗೆ (594 × 841 ಮಿ.ಮೀ.) ಅಷ್ಟರಲ್ಲೇ ಉದ್ದಕ್ಕೆ ಸುಮಾರು 9,900 ಪಿಕ್ಸೆಲ್ ಬರುತ್ತದೆ. ಚಿತ್ರದ ಫೈಲ್ ಜೆಪೆಗ್ ಬೇಡ, ಟಿಫ್ ಕೇಳಿ. ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ, ಅದಕ್ಕೊಂದು ಕಾರಣ ಇದೆ. ನೀಲಿ ನೆಲ, ಬಿಳಿ ಗೆರೆ ಅಲ್ವಾ? ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು ಕೆಂಪು ಚಾನೆಲ್ (ಚಿತ್ರದಲ್ಲಿರುವ ಕೆಂಪಿನ ಪಾಲು) ಮಾತ್ರ ಉಳಿಸಿಕೊಂಡರೆ ನೀಲಿ ಹೆಚ್ಚುಕಡಿಮೆ ಕಪ್ಪಾಗುತ್ತದೆ, ಮಾಸಿದ ಗೆರೆಗಳೂ ಎದ್ದು ಕಾಣುತ್ತವೆ. ಅದನ್ನು ಇನ್ವರ್ಟ್ ಮಾಡಿದರೆ ಬಿಳಿ ಮೇಲೆ ಕಪ್ಪು ಗೆರೆಯ ನಕ್ಷೆ ಸಿದ್ಧ.

ಇಲ್ಲಿಂದ ಮುಂದೆ ಹೆಚ್ಚಿನವರು ಒಂದು ಬಟನ್ ಒತ್ತಿ ಚಿತ್ರವನ್ನು ತಾನಾಗಿ ಗೆರೆಗಳಾಗಿ ಬದಲಿಸುವ ತಂತ್ರಾಂಶಕ್ಕೆ ಹೋಗುತ್ತಾರೆ. ನನಗೆ ಅದು ಇಷ್ಟ ಇಲ್ಲ. ಒಂದು ಗೋಡೆ ಹತ್ತು ತುಂಡಾಗುತ್ತದೆ, ಮಡಿಕೆಯ ಗುರುತೂ ಗೋಡೆಯಾಗುತ್ತದೆ, 8 ಅಂತ ಬರೆದದ್ದು ಎರಡು ಸೊನ್ನೆಯಾಗುತ್ತದೆ. ಅದನ್ನೆಲ್ಲ ಸರಿ ಮಾಡುವ ಹೊತ್ತಿಗೆ ಕೈಯಲ್ಲೇ ಗೆರೆ ಎಳೆದು ಮುಗಿಸಬಹುದು. ಆಟೋಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್ ಸಾಕು. ಸ್ಕ್ಯಾನ್ ಚಿತ್ರವನ್ನು ಕೆಳಗಿಟ್ಟು ಅದರ ಮೇಲೆ ಗೆರೆ ಎಳೆಯಿರಿ. ಗೋಡೆ, ಬಾಗಿಲು-ಕಿಟಕಿ, ಮಾಡು, ಅಳತೆ, ಎಲ್ಲಕ್ಕೂ ಬೇರೆ ಬೇರೆ ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಇರಲಿ.

ಆದರೆ ಗೆರೆ ಎಳೆಯುವ ಮೊದಲು ಸ್ಕೇಲ್ ಕೂರಿಸಬೇಕು. ಭಾರತದಲ್ಲಿ ಮೆಟ್ರಿಕ್ ಕಾನೂನು ಬಂದದ್ದೇ 1956ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ನಕ್ಷೆಯಲ್ಲಿ ಅಡಿ, ಇಂಚು ಇರುತ್ತದೆ. ಇಂಚಿಗೆ 8 ಅಡಿ ಅಂತಿದ್ದರೆ ಅದು 1:96. ಅದನ್ನೇ ಸುಮ್ನೆ ನಂಬಿ ಕೂರಬೇಡಿ, ಇಷ್ಟು ವರ್ಷದಲ್ಲಿ ಕಾಗದ ಕುಗ್ಗಿರುತ್ತದೆ. ಶೇ 1ರಷ್ಟು ಕುಗ್ಗಿದ್ದರೂ 24 ಅಡಿ ಗೋಡೆಯಲ್ಲಿ ಸುಮಾರು 3 ಇಂಚು ತಪ್ಪು. ಅಳತೆ ಬರೆದಿರುವ ಉದ್ದನೆಯ ಗೋಡೆ ಒಂದನ್ನು ಹಿಡಿದು, ಎರಡು ತುದಿ ಕ್ಲಿಕ್ ಮಾಡಿ, ಬರೆದಿರುವ ಅಳತೆಗೆ ಚಿತ್ರವನ್ನು ಹಿಗ್ಗಿಸಿ. ನಂತರ ಅಡ್ಡಕ್ಕಿರುವ ಗೋಡೆಯನ್ನೂ ಅಳೆದು ನೋಡಿ, ಕಾಗದ ಎರಡು ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಗೆರೆಗೂ ಬರೆದ ಅಂಕಿಗೂ ಜಗಳ ಬಂದರೆ ಅಂಕಿಯ ಮಾತು ಕೇಳಿ.

ಅಂಕಿಯೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ನಕ್ಷೆಯಲ್ಲಿ ಇದ್ದ ಹಾಗೆಯೇ ಮನೆ ಕಟ್ಟಿದವರು ಎಷ್ಟು ಜನ? ಟೇಪ್ ಹಿಡಿದು ನಾಲ್ಕೈದು ಕೋಣೆ ಅಳೆಯಿರಿ. ಮೂಲೆಯಿಂದ ಮೂಲೆಗೂ ಅಳೆಯಿರಿ, ಕೋಣೆ ಸೊಟ್ಟಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಿಂದೆ ಸೇರಿಸಿದ ಬಚ್ಚಲು, ಮುಚ್ಚಿದ ಕಿಟಕಿ, ಇವನ್ನೆಲ್ಲ ಬೇರೆ ಬಣ್ಣದ ಲೇಯರಿನಲ್ಲಿ ಹಾಕಿ.

ಕೆಲಸ ಮುಗಿದ ಮೇಲೆ ಮೂಲ ನಕ್ಷೆಗೆ ಫ್ರೇಮ್ ಹಾಕಿ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಬೆಳಕಿಗೆ ಆ ನೀಲಿ ಮಾಸುತ್ತದೆ. ಕತ್ತಲೆಯ, ಒಣ ಜಾಗದಲ್ಲಿ ಇಡಿ. ಟಿಫ್ ಸ್ಕ್ಯಾನನ್ನೂ ಅಳಿಸಬೇಡಿ. ಫೈಲನ್ನು ಬೇರೆ ಬೇರೆ ಕ್ಯಾಡ್ ತಂತ್ರಾಂಶಗಳಲ್ಲಿ ತೆರೆಯುವ ಡಿಎಕ್ಸ್‌ಎಫ್‌ನಲ್ಲೂ ಪಿಡಿಎಫ್‌ನಲ್ಲೂ ಉಳಿಸಿ. ಆಟೋಕ್ಯಾಡಿನ ಸ್ವಂತ ಫೈಲ್ ಮಾದರಿಯಾದ ಡಿಡಬ್ಲ್ಯುಜಿಯೇ ಬೇಕು ಅಂದರೆ ಇಂಜಿನಿಯರ್ ಹತ್ತಿರ ಯಾವ ವರ್ಷದ ಆಟೋಕ್ಯಾಡ್ ಇದೆ ಅಂತ ಮೊದಲೇ ಕೇಳಿಕೊಳ್ಳಿ, ಹೊಸದರಲ್ಲಿ ಸೇವ್ ಮಾಡಿದ್ದು ತೀರಾ ಹಳೆಯದರಲ್ಲಿ ತೆರೆಯುವುದಿಲ್ಲ.