ಬಾಯಿರುವ ಕಲ್ಲನ್ನು ಗುರುತಿಸುವುದು ಹೇಗೆ

ಸಮುದ್ರ ಇಳಿದಾಗ ಹವಳದ ದಿಬ್ಬದ ಮೇಲೆ ಮೊಣಕಾಲುದ್ದ ನೀರಿನಲ್ಲಿ ಅಲೆಯುವುದು ನನ್ನ ಹಳೆಯ ಚಟ. ಒಮ್ಮೆ ಕ್ಯಾಮೆರಾ ಅಲುಗದಿರಲೆಂದು ಗುಂಡುಕಲ್ಲೊಂದರ ಮೇಲೆ ಅಂಗೈ ಊರಲು ಬಗ್ಗಿದೆ. ಕಲ್ಲಿನ ಅಂಚಿನಲ್ಲಿ ಸಿಡುಕುಮೋರೆಯವರ ತುಟಿಯಂತೆ ಬಾಗಿದ ಗೆರೆಯೊಂದು ಕಂಡಿತು. ಕೈ ತಾನಾಗಿ ಹಿಂದೆ ಬಂತು. ಅದು ಕಲ್ಲಲ್ಲ, ಬೆನ್ನಲ್ಲಿ ವಿಷದ ಮುಳ್ಳಿರುವ ಕಲ್ಲುಮೀನು. ಅಂದಿನಿಂದ ನೀರಿಗಿಳಿದರೆ ಮೀನಿನ ಆಕಾರ ಹುಡುಕುವುದನ್ನು ಬಿಟ್ಟು ಬಾಯಿ ಹುಡುಕುತ್ತೇನೆ. ನೀವೂ ಹಾಗೆಯೇ ಮಾಡಿ.

ಕಲ್ಲುಮೀನಿಗೆ ಮೀನಿನ ಆಕಾರವೇ ಇಲ್ಲ. ಹುರುಪೆಯಿಲ್ಲದ, ಗಂಟುಗಂಟಾದ ಚರ್ಮ. ಅದರ ಮೇಲೆ ಪಾಚಿ ಬೇರೆ. ಎದೆಯ ಅಗಲವಾದ ಈಜುರೆಕ್ಕೆಗಳಿಂದ ಮರಳು ತೋಡಿ ಅರ್ಧ ಹೂತುಕೊಳ್ಳುತ್ತದೆ. ಬಾಯಿ ಮಾತ್ರ ಮೇಲ್ಮುಖ, ಏಕೆಂದರೆ ಊಟ ಮೇಲಿನಿಂದಲೇ ಬರಬೇಕು. ಸಣ್ಣ ಮೀನೋ ಸೀಗಡಿಯೋ ಹತ್ತಿರ ಸುಳಿದರೆ ಕಣ್ಣು ಮಿಟುಕಿಸುವುದರೊಳಗೆ ನುಂಗಿರುತ್ತದೆ. ಬೇಟೆಗೆ ವಿಷ ಬಳಸುವುದಿಲ್ಲ. ಅದು ಬೆನ್ನು ಕಾಯಲು ಮಾತ್ರ.

ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ದಾಟಿ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾ ದ್ವೀಪಗಳವರೆಗೂ ಇದರ ವಾಸ. ಹವಳದ ಚೂರು ಹರಡಿದ ಕಡೆ, ಬಂಡೆಯ ಬುಡ, ದಿಬ್ಬದ ನಡುವಿನ ಮರಳಿನ ಗುಂಡಿ, ಇವು ನಾನು ಎರಡೆರಡು ಸಲ ನೋಡುವ ಜಾಗಗಳು. ಇದರ ಹತ್ತಿರದ ಸಂಬಂಧಿಯೊಂದು ಅಳಿವೆಯ ಕೆಸರಿನಲ್ಲೂ ಇರುತ್ತದೆ.

ಸೂರ್ಯ ನೆತ್ತಿಯ ಹತ್ತಿರವಿರುವಾಗ ಇಳಿಯಿರಿ. ನೀರಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಇದ್ದರೆ ಅರ್ಧ ಕೆಲಸ ಮುಗಿದಂತೆ. ದಪ್ಪ, ಗಟ್ಟಿ ಅಟ್ಟೆಯ ಬೂಟು ಬೇಕು; ತೆಳು ರಬ್ಬರ್ ಚಪ್ಪಲಿಯನ್ನು ಈ ಮುಳ್ಳು ತೂರಿಬಿಡುತ್ತದೆ. ಆಸರೆಗೆ ಕೋಲು ಹಿಡಿಯಿರಿ, ಆಗ ಕಲ್ಲಿಗೆ ಕೈ ಹೋಗುವುದಿಲ್ಲ. ಕಾಲೆಳೆದು ನಡೆದರೆ ಸಾಕು ಎನ್ನುವವರ ಮಾತು ನಂಬಬೇಡಿ. ಹಾಗೆ ನಡೆದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು ತೊರಕೆ ಸರಿದು ದಾರಿ ಬಿಡುತ್ತದೆ. ಕಲ್ಲುಮೀನು ಕದಲುವುದಿಲ್ಲ, ಬೆನ್ನಿನ 13 ಮುಳ್ಳು ನಿಮಿರಿಸಿ ಕುಳಿತಿರುತ್ತದೆ, ಅಷ್ಟೇ. ಪ್ರತಿ ಮುಳ್ಳಿನ ಬದಿಗಳಲ್ಲಿ ಎರಡು ವಿಷಗ್ರಂಥಿಗಳು. ಮೆಟ್ಟಿದವರ ಭಾರಕ್ಕೇ ಅವು ಹಿಂಡಿಕೊಂಡು ವಿಷ ಮೇಲೇರುತ್ತದೆ.

ಚುಚ್ಚಿದರೆ ನೋವು ಭೀಕರ. ಗಾಯಾಳುವನ್ನು ಮೊದಲು ದಡಕ್ಕೆ ತನ್ನಿ. ಚುಚ್ಚಿದ ಭಾಗವನ್ನು ತಾಳಬಹುದಾದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, 30ರಿಂದ 90 ನಿಮಿಷ ಮುಳುಗಿಸಿಡಬೇಕು. ಇದರ ವಿಷ ಪ್ರೋಟೀನು, ಶಾಖಕ್ಕೆ ಕೆಡುತ್ತದೆ. ನೀರಿನ ಬಿಸಿಯನ್ನು ಗಾಯವಿಲ್ಲದ ಕೈಯಲ್ಲೇ ಪರೀಕ್ಷಿಸಿ. ನೋವಿನಲ್ಲಿರುವ ಕಾಲಿಗೆ ಸುಟ್ಟಿದ್ದೂ ತಿಳಿಯದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಯಾವುದೂ ಬೇಡ. ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು: ಉಸಿರು, ಹೃದಯ ಎರಡಕ್ಕೂ ತೊಂದರೆಯಾಗಬಹುದು, ಮುರಿದ ಮುಳ್ಳು ಒಳಗೇ ಉಳಿದಿರಬಹುದು. ಇದರ ಪ್ರತಿವಿಷ ಆಸ್ಟ್ರೇಲಿಯಾದಲ್ಲಿ 1959ರಿಂದಲೂ ಇದೆ.

ಇಳಿತ ಬಿಟ್ಟುಹೋದ ಮರಳಿನ ಮೇಲೆ ಬಿದ್ದದ್ದನ್ನೂ ಒದೆಯಬೇಡಿ. ನೀರಿಲ್ಲದೆ ಗಂಟೆಗಟ್ಟಲೆ ಬದುಕುವ ಮೀನು ಇದು.

ಅಂದು ಕೈ ನಡುಗುತ್ತಲೇ ನಾಲ್ಕು ಚಿತ್ರ ತೆಗೆದಿದ್ದೆ. ಮನೆಯಲ್ಲಿ ತೋರಿಸಿದಾಗ, "ಕಲ್ಲನ್ನು ಯಾಕೆ ಇಷ್ಟು ಸಲ ತೆಗೆದೆ?" ಎಂದು ಕೇಳಿದರು.