ಹಿರೋಷಿಮಾಕ್ಕೆ ಮುನ್ನ ಜಪಾನಿಗೆ ತಿಳಿದಿದ್ದೆಷ್ಟು: ಭಾಷಣ, ಪ್ರಬಂಧ ಸಿದ್ಧಪಡಿಸುವ ಬಗೆ

ಆಗಸ್ಟ್ 6ರ ಹಿರೋಷಿಮಾ ದಿನಕ್ಕಾಗಿ ಚಿತ್ರದುರ್ಗದ ಶಾಲೆ, ಕಾಲೇಜುಗಳಲ್ಲಿ ಭಾಷಣ ಸಿದ್ಧಪಡಿಸುವವರು ಸಾಮಾನ್ಯವಾಗಿ ಬಾಂಬು ಬಿದ್ದ ಗಳಿಗೆಯಿಂದಲೇ ಮಾತು ಆರಂಭಿಸುತ್ತಾರೆ. ಅದಕ್ಕೂ ಮುಂಚೆ ಜಪಾನಿನವರಿಗೆ ಈ ಅಸ್ತ್ರದ ಬಗ್ಗೆ ಏನು ಗೊತ್ತಿತ್ತು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದಾದರೆ, ಇಡೀ ದೇಶವನ್ನು ಒಂದೇ ಎಂದು ಭಾವಿಸದೆ, ವಿಜ್ಞಾನಿಗಳು, ಸೇನೆ, ಜನಸಾಮಾನ್ಯರು ಎಂದು ಬೇರ್ಪಡಿಸಿಕೊಂಡು, ಪ್ರತಿ ಸಂಗತಿಗೂ ಇಸವಿ ನಮೂದಿಸಿ ಬರೆಯಿರಿ.

ಮೊದಲು ವಿಜ್ಞಾನಿಗಳನ್ನು ತೆಗೆದುಕೊಳ್ಳಿ. ಯುರೇನಿಯಂ ವಿದಳನ, ಅಂದರೆ ಯುರೇನಿಯಂ ಪರಮಾಣುವಿನ ಬೀಜಕೇಂದ್ರ ಒಡೆದು ಶಕ್ತಿ ಹೊಮ್ಮುವ ಕ್ರಿಯೆ, 1938ರ ಕೊನೆಯಲ್ಲಿ ಜರ್ಮನಿಯಲ್ಲಿ ಪತ್ತೆಯಾಗಿ, ಮರುವರ್ಷವೇ ವಿಜ್ಞಾನ ಪತ್ರಿಕೆಗಳ ಮೂಲಕ ಎಲ್ಲ ದೇಶಗಳ ಭೌತವಿಜ್ಞಾನಿಗಳಿಗೂ ತಿಳಿದಿತ್ತು. ಟೋಕಿಯೊದ ರಿಕೆನ್ ವಿಜ್ಞಾನ ಸಂಶೋಧನಾ ಸಂಸ್ಥೆಯ ಯೋಶಿಯೊ ನಿಶಿನಾ ಕೋಪನ್‌ಹೇಗನ್ನಿನಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಬಳಿ ಕೆಲಸ ಮಾಡಿ ಬಂದವರು. ಸ್ವದೇಶದಲ್ಲಿ ಸೈಕ್ಲೊಟ್ರಾನ್ (ಪರಮಾಣು ಕಣಗಳನ್ನು ವೇಗಗೊಳಿಸುವ ಯಂತ್ರ) ಕಟ್ಟಿದವರು. ಭೂಸೇನೆಗಾಗಿ ಅವರು ನಡೆಸಿದ ಯೋಜನೆಯ ಹೆಸರು ‘ನಿ-ಗೋ’. ನೌಕಾಪಡೆಗಾಗಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಬುನ್ಸಾಕು ಅರಕತ್ಸು ನಡೆಸಿದ್ದು ‘ಎಫ್-ಗೋ’.

ಕೇಳುಗರಿಗೆ ಹೆಚ್ಚು ಬಿಡಿಸಿ ಹೇಳಬೇಕಾದದ್ದು ಆ ಯೋಜನೆಗಳ ತೊಡಕನ್ನು. ನೈಸರ್ಗಿಕ ಯುರೇನಿಯಂನಲ್ಲಿ ಬಾಂಬಿಗೆ ಒದಗುವ ಯುರೇನಿಯಂ-235 ಎಂಬ ಬಗೆ ಇರುವುದು ಸುಮಾರು ಶೇ 0.7 ಮಾತ್ರ. ಅದನ್ನು ಬೇರ್ಪಡಿಸಲು ನಿಶಿನಾ ತಂಡ ಉಷ್ಣ ವಿಸರಣ (ಶಾಖದ ವ್ಯತ್ಯಾಸದಿಂದ ಬೇರ್ಪಡಿಸುವ) ವಿಧಾನವನ್ನೂ, ಕ್ಯೋಟೊ ತಂಡ ಸೆಂಟ್ರಿಫ್ಯೂಜ್ (ವೇಗವಾಗಿ ತಿರುಗಿಸಿ ಬೇರ್ಪಡಿಸುವ) ಮಾರ್ಗವನ್ನೂ ಹಿಡಿದವು. ಅದಿರು ಸಾಲದು, ವಿದ್ಯುತ್ ಸಾಲದು. 1945ರ ಏಪ್ರಿಲ್‌ನ ವಾಯುದಾಳಿಯಲ್ಲಿ ರಿಕೆನ್‌ನ ಉಪಕರಣವಿದ್ದ ಕಟ್ಟಡವೂ ಸುಟ್ಟುಹೋಯಿತು. (ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಮೀನು ಕೊಟ್ಟಾಗಿನಿಂದ ಯುರೇನಿಯಂ ಸಂವರ್ಧನೆಯ, ಅಂದರೆ ಯುರೇನಿಯಂ-235ರ ಪಾಲು ಹೆಚ್ಚಿಸುವ ಕೆಲಸದ, ಮಾತು ನಮ್ಮ ಜಿಲ್ಲೆಯವರ ಕಿವಿಗೂ ಬಿದ್ದಿದೆ; ಈ ಭಾಗವನ್ನು ಅಂಜದೆ ವಿವರಿಸಬಹುದು.)

ಸೇನೆಯ ವಿಷಯಕ್ಕೆ ಬಂದಾಗ, ನೌಕಾಪಡೆ ಕರೆದ ವಿಜ್ಞಾನಿಗಳ ಸಮಿತಿ 1943ರ ಹೊತ್ತಿಗೆ ತಲುಪಿದ ತೀರ್ಮಾನವನ್ನು ತಪ್ಪದೆ ಸೇರಿಸಿರಿ. ಅಣುಬಾಂಬು ತತ್ತ್ವತಃ ಸಾಧ್ಯ, ಆದರೆ ಅಮೆರಿಕವೂ ಸೇರಿದಂತೆ ಯಾವ ದೇಶಕ್ಕೂ ಈ ಯುದ್ಧ ಮುಗಿಯುವುದರೊಳಗೆ ಅದನ್ನು ತಯಾರಿಸಲು ಆಗುವುದಿಲ್ಲ ಎಂಬುದೇ ಆ ತೀರ್ಮಾನ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಹುರುಳಿರುವುದು ಇಲ್ಲಿಯೇ: ಅವರ ಭೌತವಿಜ್ಞಾನ ಸರಿಯಾಗಿತ್ತು, ಎದುರಾಳಿಯ ಕಾರ್ಖಾನೆಗಳ ಬಲದ ಅಂದಾಜು ತಪ್ಪಿತ್ತು.

ಜನಸಾಮಾನ್ಯರ ಬಗ್ಗೆ ಎರಡು ವಾಕ್ಯ ಸಾಕು. 1945ರ ಜುಲೈ 16ರ ಪರೀಕ್ಷಾ ಸ್ಫೋಟವನ್ನು ಅಮೆರಿಕ ಗುಟ್ಟಾಗಿಟ್ಟಿತ್ತು, ಜಪಾನಿನ ಶರಣಾಗತಿ ಕೇಳಿದ ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಸರ್ವನಾಶದ ಎಚ್ಚರಿಕೆ ಇದ್ದರೂ ಅಣುಬಾಂಬಿನ ಹೆಸರಿರಲಿಲ್ಲ. ಅಣುಬಾಂಬನ್ನು ಹೆಸರಿಸಿದ ಕರಪತ್ರಗಳು ಬಂದದ್ದು ಹಿರೋಷಿಮಾದ ನಂತರವೇ ಆದ್ದರಿಂದ, ಅವನ್ನು ಮುನ್ಸೂಚನೆ ಎಂದು ಬರೆಯಬೇಡಿ.

ಬಾಂಬು ಬಿದ್ದ ಮೇಲಿನ ಘಟನೆಗಳನ್ನು ಹಿಂದಿನ ತಿಳಿವಳಿಕೆಗೆ ಸಾಕ್ಷಿಯಾಗಿ ಮಾತ್ರ ಬಳಸಿರಿ. ಆಗಸ್ಟ್ 8ರಂದು ಹಿರೋಷಿಮಾ ತಲುಪಿದ ನಿಶಿನಾ, ಅದು ಅಣುಬಾಂಬೇ ಎಂದು ಬೇಗನೆ ಗುರುತಿಸಿದರು. ಮರುದಿನ ನಾಗಸಾಕಿಯ ಮೇಲೆ ಅಳತೆಯ ಉಪಕರಣಗಳ ಜೊತೆಗೆ ಬಿದ್ದ ಪತ್ರವೊಂದು, ಯುದ್ಧಪೂರ್ವದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೆಲಸ ಮಾಡಿದ್ದ ಭೌತವಿಜ್ಞಾನಿ ರ್ಯೋಕಿಚಿ ಸಗಾನೆಯವರ ಹೆಸರಿಗಿತ್ತು. ಬರೆದವರು ಅಲ್ಲಿನ ಅವರ ಹಳೆಯ ಸಹೋದ್ಯೋಗಿಗಳು. ಜಪಾನ್ ತಾನೇ ಕೊರಿಯಾದ ಕರಾವಳಿಯಲ್ಲಿ ಅಣುಬಾಂಬು ಸಿಡಿಸಿತ್ತು ಎಂದು 1946ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ವರದಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ. ಅದಕ್ಕೆ ಗಟ್ಟಿ ಆಧಾರ ದೊರೆತಿಲ್ಲವಾದ್ದರಿಂದ ಪ್ರಬಂಧದಿಂದ ಹೊರಗಿಡಿ.