ಸುಳ್ಳು ಜೇಬು ಬಿಚ್ಚಿದ ಮೇಲೆ

ನಾನು ಮೊದಲು ರಿಪೇರಿ ಮಾಡಲು ಹೊರಟ ಕೋಟಿಗೆ ಏನೂ ಆಗಿರಲಿಲ್ಲ.

ಹೊಸ ಕೋಟು. ಸೊಂಟದ ಹತ್ತಿರ ಎರಡೂ ಕಡೆ ಜೇಬಿನ ಮುಚ್ಚಳ. ಬೀಗದ ಕೈ ಹಾಕೋಣ ಎಂದು ಬೆರಳು ತೂರಿಸಿದರೆ ಒಳಗೆ ಹೋಗಲೇ ಇಲ್ಲ, ಬಟ್ಟೆಯ ಮೇಲೆ ಜಾರಿ ಕೆಳಗೆ ಬಂತು. ಸಿಟ್ಟು ನೆತ್ತಿಗೇರಿತು. ಮುಚ್ಚಳ ಇದೆ, ಜೇಬಿಲ್ಲ! ಮುಚ್ಚಳದ ಕೆಳಗೆ ಸೀಳಿ ನಾನೇ ಒಂದು ಜೇಬು ಇಡುತ್ತೇನೆ ಅಂತ ಕತ್ತರಿ ಹಿಡಿದು ಕೂತೆ. ಪುಣ್ಯಕ್ಕೆ, ಕತ್ತರಿ ಹಾಕುವ ಮೊದಲು ಒಳಗಿನ ಲೈನಿಂಗ್ ಮೇಲೆ ಒಮ್ಮೆ ಕೈಯಾಡಿಸಿದೆ. ಅಲ್ಲಿ ಜೇಬಿನ ಚೀಲ ಕೈಗೆ ಸಿಕ್ಕಿತು. ಪೂರಾ ಆಳದ, ಒಳ್ಳೆಯ ಜೇಬು. ಅದರ ಬಾಯಿಗೆ ಮಾತ್ರ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ್ದರು. ಮಾರುವ ತನಕ ಜೇಬು ಜೋತು ಬೀಳದೆ ಕೋಟು ನೆಟ್ಟಗಿರಲಿ ಅಂತ ಹಾಗೆ ಮಾಡುತ್ತಾರೆ. ಕೊಂಡವರು ಆ ದಾರ ಬಿಚ್ಚಿಕೊಳ್ಳಬೇಕು. ಬೆನ್ನಿನ ಕೆಳಗಿನ ಸೀಳಿಗೆ ಗುಣಾಕಾರದ ಗುರುತಿನ ಹಾಗೆ ಹಾಕಿದ ದಾರವೂ ಅದೇ ಜಾತಿಯದು. ನನ್ನ ಹಳೆಯ ಕೋಟಿನಲ್ಲಿ ಆ ಗುರುತನ್ನು ಬೆನ್ನಿಗೆ ಹೊತ್ತು ಒಂದು ವರ್ಷ ಓಡಾಡಿದ್ದೇನೆ. ಯಾರೂ ಹೇಳಲಿಲ್ಲ. ಇಂಥದ್ದನ್ನು ಯಾರೂ ಹೇಳುವುದಿಲ್ಲ, ನೋಡಿ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ಬಟ್ಟೆ 'ಯಾಕಪ್ಪಾ ಹೀಗೆ ಹೊಲಿದಿದ್ದಾರೆ' ಅನ್ನಿಸುತ್ತದೋ ಅದನ್ನು ಮೊದಲು ಒಳಹೊರಗೆ ಮಾಡಿ, ಬೆಳಕಿನಲ್ಲಿ ಹರಡಿ ಕೂರುತ್ತೇನೆ. ಹೊಲಿಗೆ ನನಗೆ ಹೊಟ್ಟೆಪಾಡಲ್ಲ. ಮನೆಯಲ್ಲಿ ಒಂದು ಮಾಮೂಲಿ ಮೆಷಿನ್ ಇದೆ. ನನ್ನವು, ತಂಗಿಯವು, ಗೆಳತಿಯರವು ಅಂತ ಹತ್ತಾರು ವರ್ಷಗಳಿಂದ ಬಿಚ್ಚಿ ಹೊಲಿಯುತ್ತಾ ಬಂದಿದ್ದೇನೆ. ಒಂದಷ್ಟು ಹಾಳೂ ಮಾಡಿದ್ದೇನೆ.

ನಿಜವಾಗಿಯೂ ಜೇಬಿಲ್ಲದ ಪ್ಯಾಂಟು, ಸ್ಕರ್ಟುಗಳಿಗೆ ನಾನು ಇಡುವುದು ಪಕ್ಕದ ಹೊಲಿಗೆಯೊಳಗಿನ ಜೇಬು. ಇದಕ್ಕೆ ಬಟ್ಟೆಯನ್ನು ಕತ್ತರಿಸಬೇಕಿಲ್ಲ, ಇರುವ ಹೊಲಿಗೆ ಬಿಚ್ಚಿದರೆ ಸಾಕು. ಹಾಗಾಗಿ ಹೊಸಬರಿಗೂ ಧೈರ್ಯ ಬರುತ್ತದೆ. ಬಟ್ಟೆ ಹಾಕಿಕೊಂಡೇ ನಿಂತು, ಕೈ ಸಹಜವಾಗಿ ಎಲ್ಲಿಗೆ ಇಳಿಯುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮೇಜಿನ ಮೇಲೆ ಹರಡಿ ಅಂದಾಜಿಗೆ ಗುರುತು ಹಾಕಿದರೆ ಜೇಬು ಒಂದೋ ಕಂಕುಳಿಗೆ ಹತ್ತಿರ, ಇಲ್ಲವೇ ಮಂಡಿಗೆ ಹತ್ತಿರ ಬರುತ್ತದೆ. ಬಾಯಿ ಆರೂವರೆ ಇಂಚು. ನಿಮ್ಮ ಕೈ ದೊಡ್ಡದಾದರೆ ಏಳು. ಗುರುತಿನ ಎರಡೂ ತುದಿಯಲ್ಲಿ ಹಿಂದೆ ಮುಂದೆ ಓಡಿಸಿ ಹೊಲಿಗೆ ಗಟ್ಟಿ ಮಾಡಿ, ಆಮೇಲೆ ನಡುವಿನದನ್ನು ರಿಪ್ಪರ್‌ನಿಂದ ಬಿಚ್ಚುತ್ತೇನೆ. ಮೊದಲು ಬಿಚ್ಚಿ ಆಮೇಲೆ ಗಟ್ಟಿ ಮಾಡೋಣ ಅಂದುಕೊಂಡರೆ ಹೊಲಿಗೆ ಪಾದದ ತನಕ ಓಡುತ್ತದೆ.

ಒಂದು ಜೇಬಿಗೆ ಎರಡು ತುಂಡು. ನಮ್ಮ ಅಂಗೈಯನ್ನೇ ಬಟ್ಟೆಯ ಮೇಲಿಟ್ಟು ಸುತ್ತಲೂ ಎರಡು ಬೆರಳಗಲ ಬಿಟ್ಟು ಗೆರೆ ಎಳೆದರೆ ಆಕಾರ ಸಿಗುತ್ತದೆ. ಎರಡು ಜೇಬಿಗೆ ನಾಲ್ಕು ತುಂಡು, ಅದರಲ್ಲಿ ಎರಡು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ನಾನು ಮೊದಲ ಸಲ ನಾಲ್ಕನ್ನೂ ಒಂದೇ ಮುಖಕ್ಕೆ ಕತ್ತರಿಸಿ ಒಂದು ಒಳ್ಳೆಯ ಹಾಸಿಗೆ ಬಟ್ಟೆ ದಂಡ ಮಾಡಿದೆ. ಬಟ್ಟೆ ತೆಳ್ಳಗಿರಬೇಕು, ಆದರೆ ನೇಯ್ಗೆ ಬಿಗಿಯಾಗಿರಬೇಕು. ಹತ್ತಿಯೇ ಸರಿ. ನುಣುಪಾದ ಲೈನಿಂಗ್ ಬಟ್ಟೆ ಹಾಕಿದರೆ ಕೂತಾಗ ಸಾಮಾನೆಲ್ಲ ಹೊರಗೆ ಜಾರುತ್ತದೆ, ಕೀಲಿಯ ಮೊನೆಗೆ ಬೇಗ ತೂತೂ ಬೀಳುತ್ತದೆ. ಬಿಳಿ ಪ್ಯಾಂಟಿಗೆ ಬಿಳಿ ಜೇಬು ಇಡಬೇಡಿ. ಹೊರಗಿನಿಂದ ಚೌಕ ಚೌಕವಾಗಿ ಎದ್ದು ಕಾಣುತ್ತದೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ ಬಟ್ಟೆ ಇಟ್ಟರೆ ಕಾಣುವುದಿಲ್ಲ. ನಂಬಲು ಕಷ್ಟ, ಹಾಕಿ ನೋಡಿ.

ತುಂಡುಗಳನ್ನು ಪಕ್ಕದ ಹೊಲಿಗೆಯ ಮಡಿಕೆಗೆ ಸೇರಿಸಿ, ಇಸ್ತ್ರಿ ಮಾಡಿ, ಸುತ್ತಲೂ ಹೊಲಿದು, ನೂಲು ಬಿಡದ ಹಾಗೆ ಅಂಚು ಓವರ್‌ಲಾಕ್ ಮಾಡಿದರೆ ಜೇಬು ಆಯಿತು. ಅಲ್ಲಿಗೇ ಬಿಟ್ಟರೆ ಮಾತ್ರ ಕೆಟ್ಟಿತು. ಫೋನು ಹೆಚ್ಚುಕಡಿಮೆ 200 ಗ್ರಾಂ ತೂಗುತ್ತದೆ. ಆ ತೂಕವೆಲ್ಲ ಪಕ್ಕದ ಒಂದು ಹೊಲಿಗೆಯ ಮೇಲೆ ಬಿದ್ದಾಗ ಬಟ್ಟೆ ಅಲ್ಲಿ ಜೋಲುತ್ತದೆ. ಮೆಟ್ಟಿಲು ಇಳಿಯುವಾಗ ಫೋನು ತೊಡೆಗೆ ಗಂಟೆ ಬಾರಿಸಿದ ಹಾಗೆ ಬಡಿಯುತ್ತದೆ. ನನ್ನ ಮೊದಲ ನಾಲ್ಕೈದು ಜೇಬುಗಳು ಹೀಗೇ ಇದ್ದವು. ಆಮೇಲೆ ಗಂಡಸರ ಒಂದು ಹಳೆಯ ಪ್ಯಾಂಟು ಬಿಚ್ಚಿ ನೋಡಿದಾಗ ಗುಟ್ಟು ತಿಳಿಯಿತು. ಅಲ್ಲಿ ಜೇಬಿನ ಚೀಲದ ಮೇಲಂಚು ಸೊಂಟಪಟ್ಟಿಯೊಳಗೆ ಸೇರಿ ಹೊಲಿದಿರುತ್ತದೆ. ಅಂದರೆ ಜೇಬು ತೂಗುವುದು ಸೊಂಟದಿಂದ, ಪಕ್ಕದ ಹೊಲಿಗೆಯಿಂದ ಅಲ್ಲ. ಈಗ ನಾನು ತುಂಡನ್ನು ಮೇಲಕ್ಕೆ ಉದ್ದ ಬಿಟ್ಟೇ ಕತ್ತರಿಸುತ್ತೇನೆ. ಸೊಂಟಪಟ್ಟಿ ಬಿಚ್ಚಲು ಸೋಮಾರಿತನವಾದರೆ ಒಂದು ಹತ್ತಿಯ ಪಟ್ಟಿಯಿಂದ ಚೀಲವನ್ನು ಒಳಗಿನಿಂದ ಸೊಂಟಕ್ಕೆ ಕಟ್ಟಿಬಿಡುತ್ತೇನೆ. ಹೇಗೂ ಯಾರಿಗೂ ಕಾಣುವುದಿಲ್ಲ ಅಲ್ವಾ.

ಜೀನ್ಸಿನದು ಬೇರೆ ಕಥೆ. ಜೇಬು ಇದೆ, ಎರಡು ಬೆರಳು ಹೋಗುತ್ತದೆ ಅಷ್ಟೇ. ಇದು ನನ್ನೊಬ್ಬಳ ಗೊಣಗಾಟ ಅಲ್ಲ. 2018ರಲ್ಲಿ 'ದಿ ಪುಡ್ಡಿಂಗ್' ಎಂಬ ಅಮೆರಿಕದ ಪತ್ರಿಕೆಯವರು 20 ಬ್ರ್ಯಾಂಡುಗಳ 80 ಜೀನ್ಸ್ ತಂದು ಟೇಪು ಹಿಡಿದು ಅಳೆದರು. ಹೆಂಗಸರ ಜೀನ್ಸಿನ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ 48% ಗಿಡ್ಡ, 6.5% ಕಿರಿದು ಎಂದು ಸಿಕ್ಕಿತು. ಗಿಡ್ಡ ಜೇಬನ್ನು ಉದ್ದ ಮಾಡುವುದು ಸುಲಭ. ಒಳಗಿನ ಚೀಲದ ತಳದ ಹೊಲಿಗೆ ಬಿಚ್ಚಿ, ಮೂರು ನಾಲ್ಕು ಇಂಚಿನ ತುಂಡು ಸೇರಿಸಿ, ಮತ್ತೆ ತಳ ಹೊಲಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಆದರೆ ಮೈಗಂಟುವ ಜೀನ್ಸಿಗೆ ಹೀಗೆ ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ. ಫೋನು ಸರಿಯಾಗಿ ತೊಡೆ ಮಡಚುವ ಜಾಗಕ್ಕೆ ಇಳಿಯಿತು. ಕೂರಲು ಹೋದರೆ ಕೂರಗೊಡದು. ಪ್ರತಿ ಸಲ ಕೂರುವ ಮೊದಲು ಫೋನು ಹೊರಗೆ ತೆಗೆಯಬೇಕು ಅಂದ ಮೇಲೆ ಆ ಆಳ ಯಾಕೆ? ಹಾಗಾಗಿ ಬಿಗಿ ಜೀನ್ಸಿಗೆ ಈಗ ಒಂದೂವರೆ ಇಂಚು ಸೇರಿಸುತ್ತೇನೆ, ಜಾಸ್ತಿ ಇಲ್ಲ.

ಅದೇ ಜೀನ್ಸಿನಲ್ಲಿ ದೊಡ್ಡ ಜೇಬಿನೊಳಗೊಂದು ಪುಟ್ಟ ಜೇಬು ಇರುತ್ತದಲ್ಲ, ಅದನ್ನು ನೋಡಿ ಜನ ನಗುತ್ತಾರೆ. ಅದು ಕೈಗಡಿಯಾರ ಬರುವ ಮೊದಲಿನ ಸರಪಳಿ ಗಡಿಯಾರ ಇಡಲು ಇದ್ದದ್ದು. ಜೇಬಿನ ಮೂಲೆಯ ತಾಮ್ರದ ಗುಂಡಿಗಳೂ ಮೊದಲು ಅಲಂಕಾರವಲ್ಲ. ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲಿ ಎಂದು ಮೂಲೆಗೆ ಲೋಹದ ರಿವೆಟ್ ಹೊಡೆದ. 1873ರ ಮೇ 20ರಂದು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಿಂದಿನ ಜೇಬಿನ ರಿವೆಟ್‌ಗಳು ಕುರ್ಚಿ, ಕುದುರೆಯ ಜೀನು ಎಲ್ಲವನ್ನೂ ಗೀರುತ್ತಿದ್ದವು ಎಂಬ ದೂರಿಗೆ 1937ರಲ್ಲಿ ಅವನ್ನು ಬಟ್ಟೆಯೊಳಗೆ ಮುಚ್ಚಿದರು. ಬಳಸುವವರು ಗೊಣಗಿದರೆ ಬಟ್ಟೆ ಬದಲಾಗುತ್ತದೆ ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಇದು. ಹೆಂಗಸರು ಜೇಬಿಗಾಗಿ ಗೊಣಗುತ್ತಲೇ ಇದ್ದಾರೆ, ಅದು ಇನ್ನೂ ಕಿವಿಗೆ ಬಿದ್ದಿಲ್ಲ ಅಷ್ಟೇ.

ಒಂದು ಸೋಲಿನ ಕಥೆಯನ್ನೂ ಹೇಳಬೇಕು. ತೆಳ್ಳನೆಯ, ಓರೆಯಾಗಿ ಕತ್ತರಿಸಿದ ಒಂದು ಸ್ಕರ್ಟಿತ್ತು. ನಡೆದರೆ ನೀರಿನ ಹಾಗೆ ಓಲಾಡುತ್ತಿತ್ತು. ಅದಕ್ಕೂ ಜೇಬು ಇಟ್ಟೆ. ಹೊಲಿಗೆ ಚೆನ್ನಾಗಿಯೇ ಬಂತು. ಹಾಕಿಕೊಂಡರೆ ಎರಡೂ ಸೊಂಟದ ಬಳಿ ಬುಗುಟು. ಓಲಾಟ ಹೋಯಿತು. ಖಾಲಿ ಜೇಬೇ ಹಾಗೆ, ಇನ್ನು ಫೋನು ಇಟ್ಟರೆ ಇಡೀ ಸ್ಕರ್ಟು ಒಂದು ಕಡೆ ವಾಲಿತು. ಬಿಚ್ಚಿದೆ. ಸೂಜಿಯ ತೂತುಗಳು ಉಳಿದುಕೊಂಡವು, ಇಸ್ತ್ರಿಗೂ ಬಗ್ಗಲಿಲ್ಲ. ಹದಿನೆಂಟನೇ ಶತಮಾನದ ಯುರೋಪಿನ ಹೆಂಗಸರು ಜೇಬನ್ನು ಬಟ್ಟೆಗೆ ಹೊಲಿಯುತ್ತಲೇ ಇರಲಿಲ್ಲ, ಪ್ರತ್ಯೇಕ ಚೀಲ ಮಾಡಿ ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಳ್ಳುತ್ತಿದ್ದರು. ಮೇಲಿನ ಅಗಲ ಸ್ಕರ್ಟಿನ ಸೀಳಿನಿಂದ ಕೈ ಹಾಕಿದರೆ ಚೀಲ ಸಿಗುತ್ತಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ತೆಳ್ಳನೆಯ, ನೇರ ಇಳಿಬಿದ್ದ ಗೌನುಗಳು ಬಂದವು. ಒಳಗಿನ ಚೀಲ ಎದ್ದು ಕಾಣತೊಡಗಿತು. ಚೀಲ ಸೊಂಟ ಬಿಟ್ಟು ಕೈಗೆ ಬಂತು. ನನ್ನ ಸ್ಕರ್ಟಿಗೆ ಆದದ್ದೂ ಅದೇ. ಕೊನೆಗೆ ಅದೇ ಬಣ್ಣದ ಪುಟ್ಟ ಚೀಲ ಹೊಲಿದು ಉದ್ದ ದಾರದಲ್ಲಿ ಹೆಗಲಿಗೆ ಹಾಕಿಕೊಂಡೆ. ಅದರಿಂದಾಚೆಗೆ ಬಟ್ಟೆಯ ಬೀಳು ಚೆನ್ನಾಗಿದ್ದರೆ ಅದಕ್ಕೆ ಕೈ ಹಚ್ಚುವುದಿಲ್ಲ.

ನನ್ನ ಕೈಯಲ್ಲಿ ಒಂದು ಜೊತೆ ಜೇಬಿಗೆ ಎರಡು ಗಂಟೆ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಕೆಲವೇ ನಿಮಿಷ ಇರಬಹುದು, ಆದರೆ ಅಲ್ಲಿ ಪ್ರತಿ ಹೊಲಿಗೆಗೂ ಇಷ್ಟು ನಿಮಿಷ ಅಂತ ಲೆಕ್ಕ ಇರುತ್ತದೆ, ನಿಮಿಷ ಅಂದರೆ ದುಡ್ಡು. ಜೇಬು ಬಿಟ್ಟರೆ ಉಳಿತಾಯ, ಸರಿ. ಹಾಗಾದರೆ ಜೇಬೇ ಇಲ್ಲದ ಕಡೆ ಸುಳ್ಳು ಮುಚ್ಚಳ ಹೊಲಿಯಲು ನಿಮಿಷ ಹಿಡಿಯುವುದಿಲ್ವಾ? ಅಲ್ಲಿ ಹ್ಯಾಂಗರಿನ ಮೇಲೆ ಚಂದ ಕಾಣುವುದೇ ಲೆಕ್ಕ. ಬಟ್ಟೆ ಮಾರಾಟವಾಗುವುದು ಅಲ್ಲಿಯೇ ತಾನೆ, ಮೈಮೇಲೆ ಅಲ್ಲ.

ಬೆನ್ನಿನ ಜಿಪ್ಪಿನ ಪ್ರಕರಣ ತಂಗಿಯದು. ಒಬ್ಬಳೇ ಇರುತ್ತಾಳೆ. ಒಂದು ದಿನ ಗೌನು ಹಿಡಿದು ಬಂದಳು. "ಅಕ್ಕಾ, ಇದನ್ನು ಹಾಕಿಕೊಳ್ಳೋದಕ್ಕೆ ಪಕ್ಕದ ಮನೆಯವರನ್ನು ಕರೀಬೇಕು. ಬಿಚ್ಚೋಕೆ ರಾತ್ರಿ ಹನ್ನೊಂದಕ್ಕೆ ಯಾರನ್ನ ಕರೀಲಿ?" ಜಿಪ್ಪಿನ ತುದಿಗೆ ಉದ್ದ ದಾರ ಕಟ್ಟಿ ಹೆಗಲ ಮೇಲಿಂದ ಎಳೆದುಕೋ ಎಂದು ಉಪಾಯ ಹೇಳಿದೆ. ನಿಜ ಹೇಳಬೇಕೆಂದರೆ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ನನಗೆ ಹುರುಪು. ಬೆನ್ನಿನ ಜಿಪ್ ತೆಗೆದು, ಬೆನ್ನು ಪೂರಾ ಹೊಲಿದು, ಎಡಗಡೆ ಕಂಕುಳ ಕೆಳಗಿನಿಂದ ಸೊಂಟ ದಾಟುವ ತನಕ ಹದಿನಾಲ್ಕು ಇಂಚಿನ ಕಾಣದ ಜಿಪ್ ಕೂರಿಸಿದೆ. ಹೊಲಿಗೆ ಎಷ್ಟು ಚೊಕ್ಕ ಬಂತು ಅಂದರೆ ಫೋಟೊ ತೆಗೆದಿಟ್ಟುಕೊಂಡೆ. ತಂಗಿ ತಲೆ ತೂರಿಸಿದಳು. ಮೂಗಿನ ಹತ್ತಿರ ನಿಂತಿತು. ಒಳಗಿನಿಂದ ಅವಳ ಧ್ವನಿ, "ಅಕ್ಕಾ, ಕತ್ತು ಅಳತೆ ಮಾಡಿದ್ದೀಯಾ?"

ಮಾಡಿರಲಿಲ್ಲ. ಅವಳ ತಲೆ ಸುತ್ತಳತೆ 22 ಇಂಚು, ಕತ್ತಿನ ಸುತ್ತು 19. ಬೆನ್ನಿನ ಜಿಪ್ ಇದ್ದಾಗ ಕತ್ತು ತೆರೆದುಕೊಳ್ಳುತ್ತಿತ್ತು, ನಾನು ಅದನ್ನು ಮುಚ್ಚಿಬಿಟ್ಟಿದ್ದೆ. ಮತ್ತೆ ಹಿಂದೆ ಐದು ಇಂಚು ಬಿಚ್ಚಿ, ಅಂಚಿಗೆ ಪಟ್ಟಿ ಕೊಟ್ಟು, ಮೇಲೆ ಒಂದು ಗುಂಡಿ, ದಾರದ ಕುಣಿಕೆ ಇಟ್ಟೆ. ಆ ಒಂದು ಗುಂಡಿಯನ್ನು ಅವಳೇ ಹಾಕಿಕೊಳ್ಳಬಲ್ಲಳು. ಹೊಸದಾಗಿ ಮಾಡುವವರಿಗೆ ಹೇಳುವುದು ಇಷ್ಟೇ, ಜಿಪ್ ಜಾಗ ಬದಲಿಸುವ ಮೊದಲು ತಲೆಯನ್ನೂ ಹೆಗಲನ್ನೂ ಅಳೆಯಿರಿ.

ಕಾಲಿಗೆ ಬಿಗಿಯುವ ಉದ್ದ ಸ್ಕರ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದಿನ ಹೊಲಿಗೆಯನ್ನು ಮಂಡಿಗಿಂತ ಒಂದು ಗೇಣು ಕೆಳಗಿನ ತನಕ ಬಿಚ್ಚಿ, ಮೆಟ್ಟಿಲು ಹತ್ತಿ ನೋಡಿ, ಸಾಲದಿದ್ದರೆ ಇನ್ನೊಂದೊಂದೇ ಇಂಚು ಬಿಚ್ಚುತ್ತಾ ಹೋಗಬೇಕು. 1910ರ ಸುಮಾರಿಗೆ ಇಂಥ ಸ್ಕರ್ಟು ಭಾರೀ ಚಾಲ್ತಿಯಲ್ಲಿತ್ತು, ಹಾಬಲ್ ಸ್ಕರ್ಟ್ ಅಂತ. ಹಾಬಲ್ ಅಂದರೆ ಕುದುರೆಯ ಕಾಲಿಗೆ ಹಾಕುವ ಕಟ್ಟು. 1912ರಲ್ಲಿ ನ್ಯೂಯಾರ್ಕಿಗೆ ಮೆಟ್ಟಿಲೇ ಇಲ್ಲದ, ನೆಲಕ್ಕೆ ಹತ್ತಿರದ ಟ್ರಾಮ್ ಬಂದಾಗ ಜನ ಅದನ್ನು 'ಹಾಬಲ್ ಸ್ಕರ್ಟ್ ಕಾರು' ಎಂದೇ ಕರೆದರು. ಸ್ಕರ್ಟಿಗೆ ಒಂದು ಸೀಳು ಇಟ್ಟಿದ್ದರೆ ಆಗುತ್ತಿತ್ತಲ್ಲ!

ನಾನು ಬೈಯುತ್ತಿದ್ದು ಈಗ ಬೈಯದಿರುವುದು ಕೋಟಿನ ತೋಳಿನ ಗುಂಡಿಗಳನ್ನು. ಮೂರೋ ನಾಲ್ಕೋ ಗುಂಡಿ, ಕಾಜಾ ತೆರೆದೇ ಇರುವುದಿಲ್ಲ, ಸುಮ್ನೆ ಮೇಲೆ ಕೂರಿಸಿರುತ್ತಾರೆ. ಒಂದು ಸಲ ಗೆಳತಿಯೊಬ್ಬಳ ಕೋಟಿನ ತೋಳು ಗಿಡ್ಡ ಮಾಡಲು ಕೂತೆ. ಅವಳದರಲ್ಲಿ ಕಾಜಾಗಳು ನಿಜವಾದವು, ತೆರೆಯುವಂಥವು. ಕೆಳಗಿನಿಂದ ಒಂದು ಇಂಚು ಕತ್ತರಿಸಿದರೆ ಕೊನೆಯ ಕಾಜಾ ಅಂಚಿಗೇ ಬಂದುಬಿಡುತ್ತದೆ. ಹಾಗಾಗಿ ತೋಳನ್ನು ಹೆಗಲಿನಿಂದಲೇ ಬಿಚ್ಚಿ, ಮೇಲಿನಿಂದ ಕತ್ತರಿಸಿ, ಮತ್ತೆ ಕೂರಿಸಬೇಕು. ಎರಡು ಇಡೀ ದಿನ ಹೋಯಿತು, ಬಲ ಹೆಗಲಲ್ಲಿ ಸಣ್ಣ ಸುಕ್ಕು ಇನ್ನೂ ಇದೆ. ಸುಳ್ಳು ಗುಂಡಿಯಾಗಿದ್ದರೆ ಕಿತ್ತು ಮೇಲಕ್ಕೆ ಹೊಲಿದರೆ ಮುಗಿಯುತ್ತಿತ್ತು.

ಹರಿದ ಜೀನ್ಸ್ ಕೊಳ್ಳುವವರನ್ನು ನೋಡಿ ನಗುವುದನ್ನೂ ಬಿಟ್ಟಿದ್ದೇನೆ. ಅವರಿಗೆ ಮಾಡಿಕೊಡುವುದು ಒಂದೇ ಕೆಲಸ, ತೂತಿನ ಹಿಂದೆ ತೆಳ್ಳನೆಯ ಬಟ್ಟೆ ಇಟ್ಟು ಸುತ್ತ ಹೊಲಿಯುವುದು. ಇಲ್ಲವಾದರೆ ಹಾಕಿಕೊಳ್ಳುವಾಗ ಹೆಬ್ಬೆರಳು ಸಿಕ್ಕಿ ತೂತು ಮೊಣಕಾಲಿನಿಂದ ಮೀನಖಂಡದ ತನಕ ಬೆಳೆಯುತ್ತದೆ. ಹರಿದದ್ದಕ್ಕಿಂತ ನನಗೆ ಕಸಿವಿಸಿಯಾಗುವುದು ಹೊಸದರಲ್ಲೇ ಸವೆದಂತೆ ಕಾಣುವ ಬಿಳಿಚು ಜೀನ್ಸ್ ಕಂಡಾಗ. ಆ ಸವಕಲು ತರಲು ಯಂತ್ರದಿಂದ ಮರಳು ಎರಚುತ್ತಿದ್ದರು. ಆ ಧೂಳು ಕುಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂತು, ಸತ್ತವರೂ ಇದ್ದಾರೆ. ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಸವೆದ ಜೀನ್ಸ್ ಬೇಕಾದರೆ ನನ್ನ ಹಳೆಯದು ಇದೆ, ಹತ್ತು ವರ್ಷ ಮೈಮೇಲೇ ಸವೆದದ್ದು. ಕೊಡುತ್ತೇನೆ.

ಇಷ್ಟೆಲ್ಲ ಬಿಚ್ಚಿ ಹೊಲಿಯುವ ನನ್ನದೇ ಒಂದು ಅಂಗಿ ಇದೆ. ತೋಳು ಮಣಿಕಟ್ಟಿನ ಹತ್ತಿರ ಹದಿನೆಂಟು ಇಂಚು ಅಗಲ. ತಟ್ಟೆಗೆ ಅದ್ದುತ್ತದೆ, ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುತ್ತದೆ, ಹೊಲಿಯುವಾಗ ಮೆಷಿನ್ನಿನ ಸೂಜಿಯ ಕೆಳಗೇ ಹೋಗಿ ಕೂತದ್ದೂ ಉಂಟು. ಪಟ್ಟಿ ಹಾಕಿ ಚಿಕ್ಕದು ಮಾಡೋಣ ಎಂದು ಮೂರು ಸಲ ಸೀಮೆಸುಣ್ಣದ ಗುರುತು ಹಾಕಿದ್ದೇನೆ, ಮೂರು ಸಲವೂ ಒರೆಸಿದ್ದೇನೆ. ಕೈ ಬೀಸಿ ಮಾತಾಡುವಾಗ ಅದು ಹಾರಾಡುವುದು ನನಗಿಷ್ಟ. ಕೈ ತೊಳೆಯುವಾಗ ಎರಡು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತೇನೆ. "ಇದನ್ನ ಯಾಕೆ ಸರಿ ಮಾಡಿಲ್ಲ?" ಅಂತ ತಂಗಿ ಕೇಳುತ್ತಲೇ ಇರುತ್ತಾಳೆ.